ತಲೆಯಾಡಿಸಿದ ಮಾತ್ರಕ್ಕೆ ಕಲಿತಂತಲ್ಲ: ಡಿಸ್ಚಾರ್ಜ್‌ಗೆ ಮುಂಚೆ ರೋಗಿಯ ಕೈಯಲ್ಲೇ ಮಾಡಿಸಿ ನೋಡಿ

ಡಯಾಬಿಟಿಸ್, ಬಿಪಿ, ಆಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ), ಹೃದಯ ವೈಫಲ್ಯ. ಮೆಡಿಕಲ್ ವಾರ್ಡಿನ ಅನೇಕ ಹಾಸಿಗೆಗಳಲ್ಲಿ ಇರುವವರು ಇದೇ ಕಾಯಿಲೆಯವರು. ಇವರ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ಮನೆಯಲ್ಲಿ, ಅವರದೇ ಕೈಯಿಂದ. ಇನ್ಸುಲಿನ್ ಎಳೆದುಕೊಳ್ಳುವವರು ಅವರೇ, ಇನ್‌ಹೇಲರ್ ಒತ್ತುವವರು ಅವರೇ, ಕಾಲು ಊದಿದ್ದನ್ನು ಮೊದಲು ನೋಡಬೇಕಾದವರೂ ಅವರೇ. ಹಾಗಿದ್ದೂ ಕಲಿಸುವ ಕೆಲಸಕ್ಕೆ ವಾರ್ಡಿನ ಸಿಬ್ಬಂದಿಯಾದ ನಾವು ಕೊಡುವ ಸಮಯ ಡಿಸ್ಚಾರ್ಜ್ ದಿನದ ಕೊನೆಯ ಹತ್ತು ನಿಮಿಷ. ಬಿಲ್ ಕಟ್ಟಲು ಮಗ ಓಡಾಡುತ್ತಿರುತ್ತಾನೆ, ಕೆಳಗೆ ಗಾಡಿ ಕಾಯುತ್ತಿರುತ್ತದೆ, ರೋಗಿಯ ಮನಸ್ಸು ಆಗಲೇ ಮನೆ ಸೇರಿರುತ್ತದೆ. ಆ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಹೇಳಿ ‘ಗೊತ್ತಾಯ್ತಲ್ವಾ?’ ಎಂದರೆ ಯಾರಾದರೂ ಹೂಂ ಎಂದೇ ಎನ್ನುತ್ತಾರೆ.

ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಬದಲಿಗೆ ಹೀಗೆ ಕೇಳಿ: ‘ನಾನು ಸರಿಯಾಗಿ ಹೇಳಿದ್ದೀನಾ ಅಂತ ನೋಡಬೇಕು. ನಾಳೆ ಬೆಳಿಗ್ಗೆ ಇದನ್ನ ಹೇಗೆ ತಗೋತೀರಿ, ಸ್ವಲ್ಪ ಮಾಡಿ ತೋರಿಸಿ.’ ಹೀಗೆ ಕೇಳಿದರೆ ಪರೀಕ್ಷೆ ನಮಗೆ ಹೊರತು ಅವರಿಗಲ್ಲ ಎಂಬ ಭಾವ ಬರುತ್ತದೆ. ವಯಸ್ಸಾದವರು ನಾಚಿಕೆ ಬಿಟ್ಟು ಮಾಡಿ ತೋರಿಸುತ್ತಾರೆ, ತಪ್ಪೂ ಕಣ್ಣಿಗೆ ಬೀಳುತ್ತದೆ. ತಪ್ಪಿದ ಹೆಜ್ಜೆಯನ್ನು ಮಾತ್ರ ತಿದ್ದಿ, ಮತ್ತೆ ಮೊದಲಿನಿಂದ ಮಾಡಿಸಿ. ಒಂದು ಸಲಕ್ಕೆ ಎರಡು ಮೂರು ವಿಷಯ ಸಾಕು. ಕಲಿಸುವುದು ಅಡ್ಮಿಷನ್ನಿನ ಎರಡನೇ ದಿನದಿಂದಲೇ ಶುರುವಾಗಬೇಕು, ಏಕೆಂದರೆ ವಾರ್ಡಿನಲ್ಲಿ ಕೊಡುವ ಪ್ರತಿ ಡೋಸ್ ಇನ್ಸುಲಿನ್ ಕೂಡ ಒಂದು ಪಾಠ. ನೀವೇ ಚುಚ್ಚಿ ಮುಗಿಸಿದರೆ ಆ ಪಾಠ ಹೋಯಿತು.

ಶುರು ಮಾಡುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಿ. ಕನ್ನಡಕ ಹಾಕಿಕೊಂಡಿದ್ದಾರಾ? ಶ್ರವಣ ಯಂತ್ರ ಕಿವಿಯಲ್ಲಿದೆಯಾ, ಇಲ್ಲಾ ಮನೆಯಲ್ಲೇ ಇದೆಯಾ? ಮನೆಯಲ್ಲಿ ನಿಜವಾಗಿ ಔಷಧ ಕೊಡುವವರು ಯಾರು? ಹಾಸಿಗೆ ಪಕ್ಕ ದಿನವಿಡೀ ಕುಳಿತ ನೆಂಟರಿಗೆ ಎಲ್ಲ ಕಲಿಸಿ, ಮನೆಯಲ್ಲಿ ಬೇರೊಬ್ಬರು ಇನ್ಸುಲಿನ್ ಕೊಡುವುದಾದರೆ ಶ್ರಮವೆಲ್ಲ ವ್ಯರ್ಥ.

ಇನ್ಸುಲಿನ್: ಸಣ್ಣ ತಪ್ಪು, ದೊಡ್ಡ ಪೆಟ್ಟು

ವಯಲ್ (ಇನ್ಸುಲಿನ್‌ನ ಪುಟ್ಟ ಗಾಜಿನ ಬಾಟಲಿ) ಮತ್ತು ಸಿರಿಂಜ್ ಬಳಸುವವರಲ್ಲಿ ನಾನು ಮೊಟ್ಟಮೊದಲು ನೋಡುವುದು ಎರಡರ ಮೇಲೂ ಬರೆದಿರುವ ಅಂಕಿಯನ್ನು. ಇನ್ಸುಲಿನ್ ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವ ವಯಲ್‌ನಲ್ಲೂ ಸಿಗುತ್ತದೆ, 100 ಯೂನಿಟ್ ಇರುವುದರಲ್ಲೂ ಸಿಗುತ್ತದೆ. ಸಿರಿಂಜ್‌ಗಳೂ ಹಾಗೆಯೇ: ಕೆಂಪು ಮುಚ್ಚಳದ್ದು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಇವು ಅದಲು ಬದಲಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರ್. ವಯಲ್ 100ರದ್ದಾಗಿದ್ದರೆ ಆ ಅರ್ಧ ಮಿಲಿಯಲ್ಲಿ 50 ಯೂನಿಟ್ ಇರುತ್ತದೆ, ಅಂದರೆ ಬರೆದುಕೊಟ್ಟದ್ದರ ಎರಡೂವರೆ ಪಟ್ಟು. ತಿರುಗಾಮುರುಗಾ ಆದರೆ 20 ಯೂನಿಟ್ ಬದಲು ಮೈಗೆ ಸೇರುವುದು ಬರೀ 8. ಮೊದಲನೆಯದರಲ್ಲಿ ರಾತ್ರಿ ಪ್ರಜ್ಞೆ ತಪ್ಪಬಹುದು. ಎರಡನೆಯದರಲ್ಲಿ ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ವೈದ್ಯರು ಡೋಸ್ ಏರಿಸುತ್ತಾ ಹೋಗುತ್ತಾರೆ. ಎರಡನ್ನೂ ಪಕ್ಕಪಕ್ಕ ಹಿಡಿದು ಅಂಕಿ ಓದಿಸಿ. ಹೊಸದನ್ನು ಕೊಳ್ಳುವಾಗಲೆಲ್ಲ ಹಳೆಯ ವಯಲ್ ಜೊತೆಗೆ ಒಯ್ದು ತಾಳೆ ನೋಡಲು ಹೇಳಿ.

ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್‌ (ಎನ್‌ಪಿಎಚ್ ಎಂಬ ನಿಧಾನ ಬಗೆ ಮತ್ತು ಎರಡು ಬಗೆ ಬೆರೆಸಿದ ಪ್ರಿಮಿಕ್ಸ್) ತಳದಲ್ಲಿ ಗಷ್ಟು ಕಟ್ಟಿಕೊಂಡಿರುತ್ತದೆ. ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿದರೆ ಒಂದೇ ಸಮನಾಗುತ್ತದೆ. ಎರಡು ಸಲ ಅಲ್ಲಾಡಿಸಿ ಬಿಟ್ಟರೆ ಒಂದು ದಿನ ತೆಳು, ಒಂದು ದಿನ ಗಟ್ಟಿ. ಸಕ್ಕರೆಯೂ ಹಾಗೆಯೇ ಮೇಲೆ ಕೆಳಗೆ. ಜೋರಾಗಿ ಕುಲುಕಿದರೆ ನೊರೆ, ಗುಳ್ಳೆ ಬಂದು ಡೋಸ್ ಕಡಿಮೆಯಾಗುತ್ತದೆ. ತಿರುಗಿಸಿದ ಮೇಲೂ ಕಣಕಣವಾಗಿ ಕಂಡರೆ, ಗಾಜಿಗೆ ಅಂಟಿದ್ದರೆ, ಎಸೆಯುವುದೇ ಸರಿ. ತಿಳಿ ನೀರಿನಂತಿರಬೇಕಾದ ಇನ್ಸುಲಿನ್ ಮಬ್ಬಾದರೂ ಅಷ್ಟೇ.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫ್ರೀಜರ್‌ನಿಂದ ದೂರ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಬಳಕೆಯಲ್ಲಿರುವುದನ್ನು ಬಿಸಿಲು, ಒಲೆ ತಾಗದ ತಂಪು ಜಾಗದಲ್ಲಿ ಇಡಬಹುದು. ಹೆಚ್ಚಿನ ಬಗೆಗಳಿಗೆ ತೆರೆದ ಮೇಲೆ 28 ದಿನದ ಆಯುಷ್ಯ. ನಿಮ್ಮ ರೋಗಿಯದ್ದಕ್ಕೆ ಎಷ್ಟೆಂದು ಪೆಟ್ಟಿಗೆಯಲ್ಲಿನ ಚೀಟಿ ನೋಡಿ. ತೆರೆದ ದಿನಾಂಕವನ್ನು ರೋಗಿಯೇ ಪೆನ್ನಿನಲ್ಲಿ ವಯಲ್ ಮೇಲೆ ಬರೆಯಲಿ, ನಿಮ್ಮ ಕಣ್ಣೆದುರು.

ಇನ್ಸುಲಿನ್ ಪೆನ್ ಬಳಸುವವರ ಕೈಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ಸಾಮಾನ್ಯ ಪೆನ್ ಸೂಜಿಗೆ ಎರಡು ಮುಚ್ಚಳ: ಹೊರಗೊಂದು ದೊಡ್ಡದು, ಒಳಗೊಂದು ಪುಟ್ಟದು. ಆಸ್ಪತ್ರೆಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ಸೇಫ್ಟಿ ಸೂಜಿ ನೋಡಿ ಕಲಿತವರು ಮನೆಯಲ್ಲಿ ಒಳಮುಚ್ಚಳ ತೆಗೆಯದೆ ಒತ್ತಿಕೊಳ್ಳುತ್ತಾರೆ. ನೋವಿಲ್ಲ, ರಕ್ತವಿಲ್ಲ, ಇನ್ಸುಲಿನ್ ಮುಚ್ಚಳದೊಳಗೇ ಸೋರಿರುತ್ತದೆ. ಸಕ್ಕರೆ ವಿಪರೀತ ಏರಿ ಜೀವಕ್ಕೆ ಕುತ್ತು ಬಂದ ಪ್ರಸಂಗಗಳು ವರದಿಯಾಗಿವೆ. ಮನೆಯಲ್ಲಿ ಬಳಸಲಿರುವ ಸೂಜಿಯಲ್ಲೇ ಕಲಿಸಬೇಕು ಎನ್ನುವುದು ಇದಕ್ಕೇ.

ಸೂಜಿ ತಿರುಪಿದ ಮೇಲೆ 2 ಯೂನಿಟ್ ಇಟ್ಟು, ಪೆನ್ ನೆಟ್ಟಗೆ ಮೇಲ್ಮುಖ ಹಿಡಿದು ಒತ್ತಿಸಿ. ಸೂಜಿಯ ತುದಿಯಲ್ಲಿ ಹನಿ ಕಾಣಬೇಕು. ಕಾಣದಿದ್ದರೆ ಮತ್ತೆ 2 ಯೂನಿಟ್. ಮೂರ್ನಾಲ್ಕು ಸಲಕ್ಕೂ ಬಾರದಿದ್ದರೆ ಸೂಜಿ ಬದಲಿಸಿ. ಇದನ್ನು ‘ಔಷಧ ಪೋಲು’ ಎಂದು ಬಿಡುವವರಿದ್ದಾರೆ. ಗಾಳಿ ತುಂಬಿದ ಸೂಜಿಯಿಂದ ಎಷ್ಟು ಹೋಯಿತೆಂದು ಯಾರಿಗೂ ಹೇಳಲಾಗದು ಎಂಬುದನ್ನು ವಿವರಿಸಿದರೆ ಒಪ್ಪುತ್ತಾರೆ. ಆಮೇಲೆ ಡೋಸ್ ಇಟ್ಟು, 4 ಮಿಲಿಮೀಟರ್ ಸೂಜಿಯಾದರೆ ನೇರವಾಗಿ ಚುಚ್ಚಿ, ಬಟನ್ ಪೂರ್ತಿ ಒತ್ತಿ, ಒತ್ತಿ ಹಿಡಿದೇ ನಿಧಾನಕ್ಕೆ ಹತ್ತರವರೆಗೆ ಎಣಿಸಬೇಕು. ಜೋರಾಗಿ ಎಣಿಸಲು ಹೇಳಿ. ಬೇಗ ಎಳೆದರೆ ಚರ್ಮದ ಮೇಲೆ ಹನಿ ಉಳಿಯುತ್ತದೆ. ಆ ಹನಿ ಡೋಸ್‌ನದ್ದೇ ಭಾಗ. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟಿಡಬಾರದು: ಔಷಧ ಸೋರುತ್ತದೆ, ಗಾಳಿ ಒಳಗೆ ಹೋಗುತ್ತದೆ.

ಜಾಗ ಬದಲಿಸುವುದನ್ನು ಎಲ್ಲರೂ ಹೇಳುತ್ತೇವೆ, ಬೆರಳಿಟ್ಟು ತೋರಿಸುವವರು ಕಡಿಮೆ. ಹೊಟ್ಟೆಯಲ್ಲಿ ಹೊಕ್ಕುಳಿನಿಂದ ಕನಿಷ್ಠ ಎರಡು ಬೆರಳಗಲ ಬಿಟ್ಟು, ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಗಲ ಸರಿಯಬೇಕು. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿ ಕೊಬ್ಬಿನ ಗಂಟು ಬೆಳೆಯುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ರೋಗಿಗೆ ಅದೇ ಜಾಗ ಇಷ್ಟ. ಆದರೆ ಅಲ್ಲಿಂದ ಇನ್ಸುಲಿನ್ ಹೇಗೆಂದರೆ ಹಾಗೆ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುತ್ತದೆ, ಆದ್ದರಿಂದ ಸವರಿ ನೋಡಿ, ರೋಗಿಯ ಬೆರಳನ್ನೂ ಅಲ್ಲಿಡಿಸಿ. ಒಂದು ಎಚ್ಚರ: ಗಂಟಿನಿಂದ ಒಳ್ಳೆಯ ಚರ್ಮಕ್ಕೆ ಬದಲಾದ ದಿನ ಅದೇ ಡೋಸ್ ಸಕ್ಕರೆಯನ್ನು ತೀರಾ ಇಳಿಸಬಹುದು. ವೈದ್ಯರಿಗೆ ತಿಳಿಸಿ ಡೋಸ್ ಪರಿಶೀಲಿಸಿಕೊಂಡೇ ಬದಲಿಸಿ, ಕೆಲವು ದಿನ ಹೆಚ್ಚು ಸಲ ಪರೀಕ್ಷೆ ಮಾಡಿಸಿ.

ಗ್ಲೂಕೋಮೀಟರ್ ಬಗ್ಗೆ ಒಂದೇ ಮಾತು: ಕೈ ಸೋಪು ನೀರಿನಲ್ಲಿ ತೊಳೆದು ಒರೆಸಿಕೊಳ್ಳಲಿ. ಹಣ್ಣು ಹೆಚ್ಚಿದ ಬೆರಳಿನಲ್ಲಿ ಉಳಿದ ಸಿಹಿಯೇ ಮೀಟರ್‌ನಲ್ಲಿ ಏರಿ ಕಾಣುತ್ತದೆ, ಅದನ್ನು ನಂಬಿ ಹೆಚ್ಚು ಇನ್ಸುಲಿನ್ ಚುಚ್ಚಿಕೊಂಡರೆ ಅಪಾಯ.

ಸಕ್ಕರೆ ಇಳಿದಾಗ

ಇದನ್ನು ರೋಗಿಗಿಂತ ಮನೆಯವರಿಗೆ ಹೆಚ್ಚು ಗಟ್ಟಿಯಾಗಿ ಕಲಿಸಬೇಕು, ಏಕೆಂದರೆ ಆ ಹೊತ್ತಿನಲ್ಲಿ ರೋಗಿಯ ಯೋಚನೆಯೇ ಮಂಕಾಗಿರುತ್ತದೆ. ಬೆವರು, ನಡುಕ, ಎದೆ ಡವಡವ, ಹಸಿವು, ಕಾರಣವಿಲ್ಲದ ಸಿಟ್ಟು, ತೊದಲು ಮಾತು. ಮೀಟರ್‌ನಲ್ಲಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆ ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ: ಗ್ಲೂಕೋಸ್ ಪುಡಿ, ನೀರಿನಲ್ಲಿ ಕದಡಿದ ಮೂರು ನಾಲ್ಕು ಟೀ ಚಮಚ ಸಕ್ಕರೆ, ಇಲ್ಲವೇ ಸುಮಾರು 150 ಮಿಲಿ ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರದಿದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಿಸಿ. ಚಾಕೊಲೇಟ್, ಬಿಸ್ಕತ್ತು ಇಲ್ಲಿ ಆಗದು, ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಡಯಟ್ ಪಾನೀಯದಲ್ಲಿ ಸಕ್ಕರೆಯೇ ಇರುವುದಿಲ್ಲ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಗಾಬರಿಯಲ್ಲಿ ಸಕ್ಕರೆ ನೀರು ಸುರಿಯುವುದು ಸಹಜ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಡಯಾಬಿಟಿಸ್ ಮಾತ್ರೆ ತೆಗೆದುಕೊಳ್ಳುವವರಿಗೆ, ಅದರಲ್ಲೂ ವಯಸ್ಸಾದವರಿಗೆ ಮತ್ತು ಕಿಡ್ನಿ ದುರ್ಬಲವಾದವರಿಗೆ, ಒಮ್ಮೆ ಏರಿದ ಸಕ್ಕರೆ ಕೆಲವು ಗಂಟೆಯಲ್ಲಿ ಮತ್ತೆ ಕುಸಿಯಬಹುದು. ಇವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಬರಲೇಬೇಕು. ಬೀಟಾ ಬ್ಲಾಕರ್ (ಬಿಪಿ, ಹೃದಯಕ್ಕೆ ಕೊಡುವ) ಮಾತ್ರೆ ಇದ್ದವರಲ್ಲಿ ನಡುಕ, ಡವಡವ ಮರೆಯಾಗಿ ಬೆವರೊಂದೇ ಸುಳಿವಾಗಿ ಉಳಿಯಬಹುದು.

ಇನ್ನು ವಾಂತಿ, ಜ್ವರ ಬಂದು ಊಟ ಸೇರದ ದಿನ. ‘ಊಟವಿಲ್ಲ, ಹಾಗಾಗಿ ಇನ್ಸುಲಿನ್ನೂ ಬೇಡ’ ಎಂದು ಪೂರ್ತಿ ನಿಲ್ಲಿಸಿದರೆ, ಮುಖ್ಯವಾಗಿ ಟೈಪ್ 1 (ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಹುಟ್ಟದ ಬಗೆ) ಇರುವವರಲ್ಲಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ತುರ್ತು ಸ್ಥಿತಿ ಬರುತ್ತದೆ. ನಾಲ್ಕು ಗಂಟೆಗೊಮ್ಮೆಯಾದರೂ ಸಕ್ಕರೆ ನೋಡಿ, ಡೋಸ್ ಎಷ್ಟೆಂದು ಕರೆ ಮಾಡಿ ಕೇಳಬೇಕು. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಡಯಾಬಿಟಿಸ್ ಮಾತ್ರೆಗಳ ವಿಷಯ ಬೇರೆ: ನೀರು ಕುಡಿಯಲೂ ಆಗದಂತೆ ವಾಂತಿ ಭೇದಿಯಿದ್ದಾಗ ಇವನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗುತ್ತದೆ. ಅದನ್ನು ವೈದ್ಯರಿಂದ ಡಿಸ್ಚಾರ್ಜ್ ದಿನವೇ ಬರೆಸಿಕೊಡಿ.

ಇನ್‌ಹೇಲರ್: ಒಂದಕ್ಕೆ ನಿಧಾನ, ಇನ್ನೊಂದಕ್ಕೆ ಜೋರು

‘ಇನ್‌ಹೇಲರ್ ಕೆಲಸ ಮಾಡ್ತಿಲ್ಲ’ ಎಂದು ಬಂದವರ ಔಷಧ ಬದಲಿಸುವ ಮುಂಚೆ ಅವರು ಎಳೆಯುವುದನ್ನು ಒಮ್ಮೆ ನೋಡಬೇಕು ಎನ್ನುವುದು ನನ್ನ ಗಟ್ಟಿ ನಿಲುವು. ಬಹಳ ಸಲ ಔಷಧ ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ನಿಂತಿರುತ್ತದೆ.

ಒತ್ತಿದರೆ ಬುಸ್ ಎನ್ನುವ ಪಫ್ ಇನ್‌ಹೇಲರ್‌ಗೆ ಉಸಿರು ನಿಧಾನವಾಗಿರಬೇಕು. ಕುಲುಕಿ, ಮುಚ್ಚಳ ತೆಗೆದು, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಉಸಿರೆಳೆಯಲು ಶುರು ಮಾಡಿದ ಕ್ಷಣವೇ ಒಮ್ಮೆ ಒತ್ತಿ, ಮೂರರಿಂದ ಐದು ಸೆಕೆಂಡ್ ಎಳೆಯುತ್ತಲೇ ಹೋಗಿ, ಹತ್ತು ಸೆಕೆಂಡ್ ಹಿಡಿದಿಡಬೇಕು. ಎರಡನೇ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ರೋಗಿಯ ಬಾಯಿಂದ, ಮೂಗಿಂದ ಹೊಗೆಯಂತೆ ಹೊರಬಂದರೆ ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದೆ ಎಂದರ್ಥ. ಇಂಥವರಿಗೆ, ಕೈ ನಡುಗುವವರಿಗೆ ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಕೊಡಿಸಿ. ಸ್ಪೇಸರ್ ಒಳಗೆ ಒಂದು ಸಲಕ್ಕೆ ಒಂದೇ ಪಫ್. ಎರಡು ಮೂರು ಒಟ್ಟಿಗೆ ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿ ಗೋಡೆಗೆ ಹತ್ತುತ್ತವೆ. ತೊಳೆದ ಮೇಲೆ ಬಟ್ಟೆಯಲ್ಲಿ ಉಜ್ಜದೆ ಹಾಗೇ ಒಣಗಲು ಬಿಡಬೇಕು, ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧವನ್ನು ಗೋಡೆ ಎಳೆದುಕೊಳ್ಳುತ್ತದೆ.

ಪುಡಿ ಇನ್‌ಹೇಲರ್ ಇದಕ್ಕೆ ತದ್ವಿರುದ್ಧ. ಅದರೊಳಗೆ ಔಷಧವನ್ನು ತಳ್ಳುವ ಗ್ಯಾಸ್ ಇಲ್ಲ; ಪುಡಿಯನ್ನು ಎಬ್ಬಿಸುವ ಶಕ್ತಿ ರೋಗಿಯ ಉಸಿರೇ. ಆದ್ದರಿಂದ ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಉಸಿರು ಹೊರಬಿಡುವಾಗ ಸಾಧನವನ್ನು ಬಾಯಿಂದ ದೂರ ಹಿಡಿಯಬೇಕು, ಇಲ್ಲವಾದರೆ ಉಸಿರಿನ ತೇವಕ್ಕೆ ಪುಡಿ ಉಂಡೆಕಟ್ಟುತ್ತದೆ. ಕ್ಯಾಪ್ಸುಲ್ ಇರುವ ಬಗೆಯಲ್ಲಿ ಎಳೆಯುವಾಗ ಗರಗರ ಸದ್ದು ಕೇಳಬೇಕು. ಮುಗಿದ ಮೇಲೆ ತೆರೆದು ಕ್ಯಾಪ್ಸುಲ್ ನೋಡಿಸಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು. ಕ್ಯಾಪ್ಸುಲ್ ನುಂಗಿಬಿಡುವವರೂ ಇದ್ದಾರೆ, ಕ್ಯಾಪ್ಸುಲ್ ಕಂಡರೆ ನುಂಗುವುದೇ ರೂಢಿ. ಅದು ಅವರ ತಪ್ಪಲ್ಲ, ತೋರಿಸದೇ ಕೊಟ್ಟವರದ್ದು. ಒಬ್ಬರಿಗೇ ಎರಡೂ ಬಗೆ ಬರೆದಿದ್ದರೆ ಗೊಂದಲ ಖಂಡಿತ. ಪಫ್ ಮೇಲೆ ‘ನಿಧಾನ’, ಪುಡಿಯದ್ದರ ಮೇಲೆ ‘ಜೋರು’ ಎಂದು ಬರೆದು ಚೀಟಿ ಅಂಟಿಸಿ.

ಸ್ಟೀರಾಯ್ಡ್ ಇರುವ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಬಿಟ್ಟರೆ ನಾಲಿಗೆ ಮೇಲೆ ಬಿಳಿ ಬೂಷ್ಟು, ದನಿ ಒಡೆಯುವುದು. ಡಬ್ಬಿ ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಉಪಾಯ ನಂಬುವಂತಿಲ್ಲ. ಔಷಧ ತೀರಿದ ಮೇಲೂ ಗ್ಯಾಸ್ ಉಳಿದಿರುತ್ತದೆ. ಉಳಿದ ಪಫ್ ತೋರಿಸುವ ಕೌಂಟರ್ ಇದ್ದರೆ ಅದನ್ನು ನೋಡಲಿ, ಇಲ್ಲದಿದ್ದರೆ ಡಬ್ಬಿಯ ಒಟ್ಟು ಪಫ್‌ಗಳನ್ನು ದಿನದ ಪಫ್‌ಗಳಿಂದ ಭಾಗಿಸಿ ಮುಗಿಯುವ ದಿನಾಂಕವನ್ನು ಅದರ ಮೇಲೇ ಬರೆದುಕೊಡಿ. ದಿನವೂ ಎಳೆಯಬೇಕಾದ್ದು ಯಾವುದು, ಉಸಿರು ಕಟ್ಟಿದಾಗ ಮಾತ್ರ ಎಳೆಯುವುದು ಯಾವುದು ಎಂದು ರೋಗಿಯ ಬಾಯಲ್ಲೇ ಹೇಳಿಸಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ ಕಾಯುವುದಲ್ಲ, ಆಸ್ಪತ್ರೆಗೆ ಹೊರಡುವುದು.

ಹೃದಯ ವೈಫಲ್ಯ ಮತ್ತು ತೂಕದ ಯಂತ್ರ

ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಹೃದಯ ಸರಿಯಾಗಿ ಪಂಪ್ ಮಾಡದಾಗ ಮೈಯಲ್ಲಿ ನೀರು ನಿಲ್ಲುವುದು ಕಾಲಿನ ಊತದಲ್ಲಿ ಕಾಣುವ ಮುಂಚೆ ತೂಕದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಕುಡಿಯುವ ಮುಂಚೆ, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ ತೂಕ ನೋಡಿ ಬರೆಯಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಮೈಯಲ್ಲಿ ಏನೂ ಅನಿಸದಿದ್ದರೂ, ಅದೇ ದಿನ ಕರೆ ಮಾಡಬೇಕು. ಡಿಸ್ಚಾರ್ಜ್ ದಿನದ ತೂಕ ಹೋಲಿಕೆಗೆ ಬೇಕೇಬೇಕು, ಅದನ್ನು ಹಾಳೆಯ ಮೇಲ್ತುದಿಯಲ್ಲಿ ದಪ್ಪಗೆ ಬರೆಯಿರಿ.

ದಿಂಬಿನ ಲೆಕ್ಕವನ್ನೂ ಕೇಳಿ. ಹಿಂದೆ ಒಂದು ದಿಂಬಿಗೆ ಮಲಗುತ್ತಿದ್ದವರು ಈಗ ಮೂರು ಇಟ್ಟುಕೊಂಡರೆ, ನಡುರಾತ್ರಿ ಉಸಿರು ಸಿಗದೆ ಎದ್ದು ಕೂತರೆ, ಅದು ವಯಸ್ಸಿನ ಆಯಾಸವಲ್ಲ. ಮಂಡಿನೋವಿಗೆ ಔಷಧದಂಗಡಿಯಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ. ಸರಿಹೋಗಿದ್ದವರು ಮತ್ತೆ ಅಡ್ಮಿಟ್ ಆಗಲು ಇದೊಂದು ಕಾರಣ. ‘ಲೋ ಸೋಡಿಯಂ’ ಉಪ್ಪುಗಳ ಬಗ್ಗೆಯೂ ಎಚ್ಚರಿಸಿ. ಅವುಗಳಲ್ಲಿ ಸೋಡಿಯಂನ ಒಂದು ಪಾಲಿನ ಬದಲಿಗೆ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ; ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿ ಹೃದಯದ ಬಡಿತ ತಪ್ಪಬಹುದು. ಮೂತ್ರದ ಮಾತ್ರೆಯ ಎರಡನೇ ಡೋಸ್ ಮಧ್ಯಾಹ್ನದೊಳಗೆ ಮುಗಿಯಲಿ. ಸಂಜೆ ತೆಗೆದುಕೊಂಡವರು ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಓಡಾಡಿ ಬೀಳುತ್ತಾರೆ, ಬಿದ್ದ ಮೇಲೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ಬಿಪಿ ನೋಡುವಾಗ

ಮನೆಯಲ್ಲಿ ಬಿಪಿ ನೋಡಿಕೊಳ್ಳುವವರಿಗೆ ಯಂತ್ರಕ್ಕಿಂತ ಕೂರುವ ರೀತಿಯನ್ನು ಕಲಿಸಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಮೇಜಿನ ಮೇಲೆ, ಪಟ್ಟಿ ಹೃದಯದ ಮಟ್ಟಕ್ಕೆ. ತೋಳು ಕೆಳಗೆ ಜೋತಾಡುತ್ತಿದ್ದರೆ, ಪಟ್ಟಿ ತೋಳಿಗಿಂತ ಚಿಕ್ಕದಾದರೆ, ಬಟ್ಟೆಯ ಮೇಲೆ ಸುತ್ತಿದರೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕಾಫಿ, ಸಿಗರೇಟು, ವ್ಯಾಯಾಮ ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ನೋಡಿ ಎರಡನ್ನೂ ಬರೆಯಲಿ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕೂ ಮೇಲಿದ್ದರೆ ಹೆಚ್ಚೆಂದೇ ಲೆಕ್ಕ. ಒಂದು ಸಲ ಏರಿದ್ದಕ್ಕೆ ಗಾಬರಿಯಾಗಿ ಎಕ್ಸ್‌ಟ್ರಾ ಮಾತ್ರೆ ನುಂಗಬಾರದು. ಎದೆನೋವು, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಜೊತೆಗಿದ್ದರೆ ಅದು ತುರ್ತು.

ಕಾಲು, ಬೆನ್ನು, ನುಂಗುವುದು

ಡಯಾಬಿಟಿಸ್ ಇರುವವರ ಪಾದಕ್ಕೆ ಸ್ಪರ್ಶ ಕುಂದಿದ್ದರೆ ಕಣ್ಣೇ ನರದ ಕೆಲಸ ಮಾಡಬೇಕು. ದಿನಕ್ಕೊಮ್ಮೆ ಅಂಗಾಲು, ಬೆರಳ ಸಂದು ನೋಡಬೇಕು, ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಬಿಸಿನೀರಿನ ಚೀಲ ಬೇಡ. ಚಪ್ಪಲಿ, ಶೂ ಹಾಕುವ ಮುಂಚೆ ಒಳಗೆ ಕೈಯಾಡಿಸಬೇಕು. ನೋವಿಲ್ಲದ ಗಾಯ ಸಣ್ಣ ಗಾಯವೆಂದುಕೊಂಡು ವಾರಗಟ್ಟಲೆ ಬಿಡುವುದೇ ಬೆರಳು ಕಳೆದುಕೊಳ್ಳುವ ದಾರಿ.

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಪೂರ್ತಿ ಮಗ್ಗುಲಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸೊಂಟದ ಮೂಳೆಗೂ ಭಾರ ಬೀಳದು. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಬೇಕು. ಆಗದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಈ ಬಣ್ಣ ಕಾಣದು, ಅಲ್ಲಿ ಬಿಸಿ, ಗಡಸು, ನೋವನ್ನು ನೋಡಬೇಕು. ಅಂಥ ಜಾಗವನ್ನು ತಿಕ್ಕಬೇಡಿ, ಒಳಗಿನ ಅಂಗಾಂಶ ಹರಿಯುತ್ತದೆ. ರಿಂಗ್ ಆಕಾರದ ದಿಂಬೂ ಬೇಡ, ಅದರ ಅಂಚು ರಕ್ತದ ಹರಿವನ್ನು ಒತ್ತುತ್ತದೆ.

ಪಾರ್ಶ್ವವಾಯುವಾದವರಿಗೆ ನುಂಗುವ ಪರೀಕ್ಷೆ ಮುಗಿಯುವವರೆಗೆ ನೀರು, ಮಾತ್ರೆ ಏನೂ ಬಾಯಿಗಿಲ್ಲ. ಆಮೇಲೂ ನೆಟ್ಟಗೆ ಕೂರಿಸಿ, ಬಲವಿರುವ ಕಡೆಯ ಕೆನ್ನೆಗೆ ಸಣ್ಣ ತುತ್ತು ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನದು. ಊಟವಾಗಿ ಅರ್ಧ ಗಂಟೆ ಮಲಗಿಸಬಾರದು. ದನಿ ಗೊರಗೊರ ಎಂದರೆ ನಿಲ್ಲಿಸಿ.

ಮಾತ್ರೆಯ ಚೀಲ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತರಿಸಿ, ಹಾಸಿಗೆಯ ಮೇಲೆ ಹರಡಿ. ಎರಡು ಬ್ರ್ಯಾಂಡ್ ಹೆಸರು, ಒಳಗೆ ಒಂದೇ ಔಷಧ: ಇದು ಬಹಳ ಮಂದಿಯ ಚೀಲದಲ್ಲಿ ಸಿಗುತ್ತದೆ. ವೈದ್ಯರು ನಿಲ್ಲಿಸಿದ್ದನ್ನು ಬೇರೆ ಕವರ್‌ಗೆ ಹಾಕಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ದಿನವೂ ಒಂದೇ ಹೊತ್ತಿಗೆ, ಮರೆತ ಡೋಸ್ ಸೇರಿಸಿ ಮರುದಿನ ಎರಡು ನುಂಗುವಂತಿಲ್ಲ, ಹೊಸ ಔಷಧ ಯಾವುದೇ ಬಂದರೂ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಯಾವಾಗ ನೋಡಬೇಕೆಂದು ಕೇಳಬೇಕು. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರಾಯಿತು.

ಮನೆಗೆ ಹೋದ ಎರಡು ಮೂರು ದಿನಕ್ಕೆ ಒಂದು ಫೋನ್ ಕರೆ ಮಾಡುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ‘ಹೇಗಿದ್ದೀರಿ?’ ಎನ್ನುವುದರ ಜೊತೆಗೆ ಉತ್ತರದಲ್ಲಿ ಅಂಕಿ ಬರುವ ಪ್ರಶ್ನೆಗಳನ್ನೂ ಕೇಳಿ. ಬೆಳಿಗ್ಗೆ ತೂಕ ಎಷ್ಟಿತ್ತು? ನಿನ್ನೆ ಎಷ್ಟು ಯೂನಿಟ್ ತಗೊಂಡ್ರಿ, ಎಲ್ಲಿ ಚುಚ್ಚಿಕೊಂಡ್ರಿ? ಇನ್‌ಹೇಲರ್ ಕೌಂಟರ್‌ನಲ್ಲಿ ಈಗ ಎಷ್ಟಿದೆ? ‘ತೂಕದ ಯಂತ್ರ ಇನ್ನೂ ತಂದಿಲ್ಲ’ ಎಂಬ ಉತ್ತರ ಬಂದರೆ, ಯಾರು ತರುತ್ತಾರೆ, ಯಾವ ದಿನ ಎಂದು ಕೇಳಿ ಬರೆದುಕೊಂಡು, ಆ ದಿನ ಮತ್ತೆ ಕರೆ ಮಾಡಿ.